ಬಾಯಿ ಬಿಡದ ನೀಲಿಕಲ್ಲು

ಪ್ರಶ್ನೆ: ಮೊದಲ ಬಾರಿಗೆ ಮನೆಯಲ್ಲಿ ಒಂದು ಕಿಲೋ ನೀಲಿಕಲ್ಲು (ಪಚ್ಚಿಲೆ ಎಂಬ ಕಡಲ ಚಿಪ್ಪುಜೀವಿ) ಬೇಯಿಸಿದೆ. ಎಂಟೊಂಬತ್ತು ಚಿಪ್ಪುಗಳು ಬಾಯಿ ಬಿಡಲೇ ಇಲ್ಲ. ಅವು ಮೊದಲೇ ಸತ್ತಿದ್ದವು, ತಿಂದರೆ ವಿಷ ಎಂದು ನಾದಿನಿ ಹೆದರಿಸಿದಳು. ಎಸೆದುಬಿಟ್ಟೆ. ಸರಿ ಮಾಡಿದೆನೇ ಅಕ್ಕಾ?

ಉತ್ತರ: ಎಸೆದದ್ದರಿಂದ ನಷ್ಟವೇನಿಲ್ಲ, ಆದರೆ ನಿಮ್ಮ ನಾದಿನಿಯ ತರ್ಕ ತಲೆಕೆಳಗಾಗಿದೆ. ಚಿಪ್ಪಿನ ಎರಡು ಹೋಳುಗಳು ಸೇರುವ ಕಡೆ ರಬ್ಬರಿನಂಥ ಒಂದು ಕಟ್ಟು ಇರುತ್ತದೆ. ಅದು ಸದಾ ಚಿಪ್ಪನ್ನು ತೆರೆಯಲು ನೋಡುತ್ತದೆ. ಒಳಗಿನ ಸ್ನಾಯು ಅದಕ್ಕೆ ಎದುರಾಗಿ ಜಗ್ಗಿ ಮುಚ್ಚಿಕೊಂಡಿರುತ್ತದೆ. ಪ್ರಾಣಿ ಸತ್ತರೆ ಜಗ್ಗುವವರು ಯಾರು? ಸತ್ತದ್ದು ಸಾಮಾನ್ಯವಾಗಿ ಪಾತ್ರೆಗೆ ಬೀಳುವ ಮೊದಲೇ ಬಾಯಿ ತೆರೆದುಕೊಂಡಿರುತ್ತದೆ. ಬೆಂದ ಮೇಲೂ ಬಿಗಿದುಕೊಂಡಿದ್ದರೆ ಹೆಚ್ಚಿನ ಸಲ ಸ್ನಾಯು ಇನ್ನೂ ಚಿಪ್ಪಿನಿಂದ ಕಳಚಿಲ್ಲ ಎಂದಷ್ಟೇ ಅರ್ಥ.

ಹಾಗಾಗಿ ಪರೀಕ್ಷೆ ಒಲೆ ಹಚ್ಚುವ ಮೊದಲೇ ಆಗಬೇಕು. ಬಾಯಿ ತೆರೆದಿರುವುದನ್ನು ಕಟ್ಟೆಯ ಮೇಲೆ ಟಕಟಕ ಎಂದು ಬಡಿಯಿರಿ. ಜೀವವಿದ್ದರೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಫ್ರಿಜ್ಜಿನಿಂದ ಆಗತಾನೇ ತೆಗೆದದ್ದಾದರೆ ಚಳಿಗೆ ಸ್ವಲ್ಪ ಸೋಮಾರಿಯಾಗಿರುತ್ತದೆ, ಒಂದೆರಡು ನಿಮಿಷ ಕಾಯಿರಿ. ಆಮೇಲೂ ಅಲುಗದಿದ್ದರೆ, ಚಿಪ್ಪು ಒಡೆದಿದ್ದರೆ, ಕೆಟ್ಟ ವಾಸನೆ ಬಂದರೆ ಹೊರಗೆ.

ಬೇಯಿಸುವಾಗ ತಳದಲ್ಲಿ ಅರ್ಧ ಲೋಟ ನೀರು ಸಾಕು. ಚಿಪ್ಪುಗಳು ತಮ್ಮ ಉಪ್ಪುನೀರನ್ನು ತಾವೇ ಬಿಡುತ್ತವೆ, ರುಚಿ ನೋಡುವವರೆಗೂ ಉಪ್ಪಿನ ಡಬ್ಬಿ ಮುಟ್ಟಬೇಡಿ. ಹೋಟೆಲಿನ ಅಡುಗೆಯವರು ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸುತ್ತಾರೆ, ಮಾಂಸ ಮೆತ್ತಗಿರುವುದೇನೋ ನಿಜ. ನಾನು ಆಮೇಲೂ ಮೂರರಿಂದ ಐದು ನಿಮಿಷ ಕುದಿಸುತ್ತೇನೆ. ಮನೆಯಲ್ಲಿ ಮಕ್ಕಳೂ ವಯಸ್ಸಾದವರೂ ಇದ್ದಾರೆ, ತುಸು ಗಟ್ಟಿಯಾದರೆ ಆಗಲಿ. ಆಗಲೂ ಮಣಿಯದ ಒಂದೆರಡನ್ನು ನಾನೂ ಎಸೆಯುತ್ತೇನೆ, ವಿಷದ ಭಯಕ್ಕಲ್ಲ. ಒಂದೊಂದು ಚಿಪ್ಪಿನಲ್ಲಿ ಬರೀ ಕೆಸರು ತುಂಬಿರುತ್ತದೆ. ಬಲವಂತದಿಂದ ತೆರೆದರೆ ಸಾರೆಲ್ಲ ಹಾಳು.

ಪ್ರಶ್ನೆ: ಮರುವಾಯಿ ಚಿಪ್ಪಿನಲ್ಲಿ ಎಷ್ಟು ತೊಳೆದರೂ ಮರಳು ಹೋಗುವುದಿಲ್ಲ. ರಾತ್ರಿಯಿಡೀ ನೀರಿನಲ್ಲಿ ನೆನೆಸಬಹುದೇ?

ಉತ್ತರ: ದಯವಿಟ್ಟು ಬೇಡ. ಮದುವೆಯಾದ ಹೊಸತರಲ್ಲಿ ನಾನು ಇದೇ ಜಾಣತನ ತೋರಿಸಿದ್ದೆ. ಬಕೆಟ್ ತುಂಬ ನಲ್ಲಿ ನೀರು, ಅದರಲ್ಲಿ ಮರುವಾಯಿ. ಬೆಳಗ್ಗೆ ಅತ್ತೆ ಬಚ್ಚಲಿನ ಬಾಗಿಲು ತೆರೆದು, ಒಂದು ಮಾತೂ ಆಡದೆ ಮೂಗಿಗೆ ಸೆರಗು ಹಿಡಿದು ಹಿಂದಿರುಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸಿಹಿನೀರು ಈ ಕಡಲಜೀವಿಗಳನ್ನು ಕೊಲ್ಲುತ್ತದೆ.

ಸಮುದ್ರದ ನೀರಿನ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ಅಷ್ಟೇ ಉಪ್ಪು ಕರಗಿಸಿದ ತಣ್ಣನೆಯ ನೀರಿನಲ್ಲಿ, ಬೆಳಕು ಬೀಳದ ಕಡೆ ಎರಡು ಗಂಟೆ ಬಿಡಿ. ಪಾತ್ರೆಯೊಳಗೆ ಒಂದು ಜರಡಿ ಇಟ್ಟು ಅದರ ಮೇಲೆ ಹರಡಿದರೆ ಉಗುಳಿದ ಮರಳು ತಳಕ್ಕೆ ಹೋಗುತ್ತದೆ, ಅವು ಮತ್ತೆ ಅದನ್ನೇ ಹೀರಿಕೊಳ್ಳುವುದಿಲ್ಲ. ಮರಳಿನಲ್ಲಿ ಹೂತು ಬದುಕುವ ಮರುವಾಯಿಗೆ ಈ ಉಪಚಾರ ಬೇಕು. ಬಂಡೆಗೋ ಹಗ್ಗಕ್ಕೋ ಅಂಟಿಕೊಂಡು ಬೆಳೆದ ನೀಲಿಕಲ್ಲಿಗೆ ಸಾಮಾನ್ಯವಾಗಿ ಹೊರಗಿನ ಉಜ್ಜುವಿಕೆ ಸಾಕು. ಅದರ ನಾರುಗಡ್ಡವನ್ನು (ಅದು ಅಂಟಿಕೊಳ್ಳುವ ನಾರಿನ ಎಳೆಗಳನ್ನು) ಬೇಯಿಸುವ ಸ್ವಲ್ಪ ಮುಂಚೆ ಚೂಪಾದ ತುದಿಯ ಕಡೆಗೆ ಎಳೆದು ಕೀಳಿ. ಮಾರನೆಯ ದಿನಕ್ಕೆ ಇಡಬೇಕಾದರೆ ಬೋಗುಣಿಯಲ್ಲಿ ಹಾಕಿ ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಡಿ. ಬಿಗಿದು ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಗಟ್ಟುತ್ತದೆ.

ಪ್ರಶ್ನೆ: ನಮ್ಮ ಯಜಮಾನರು ಬಂಡೆಯಿಂದ ತಾವೇ ಕಿತ್ತು ತಂದಿದ್ದಾರೆ. ಚೆನ್ನಾಗಿ ಕುದಿಸಿದರೆ ಎಂಥ ವಿಷವೂ ಸಾಯುತ್ತದೆ ಎನ್ನುತ್ತಾರೆ. ಹೌದೇ?

ಉತ್ತರ: ರೋಗಾಣುಗಳು ಸಾಯುತ್ತವೆ. ಪಾಚಿಯ ವಿಷ ಸಾಯುವುದಕ್ಕೆ ಅದಕ್ಕೆ ಜೀವವೇ ಇಲ್ಲವಲ್ಲ! ಚಿಪ್ಪುಜೀವಿಗಳು ನೀರನ್ನು ಸೋಸಿ ಸೂಕ್ಷ್ಮ ಪಾಚಿಗಳನ್ನು ತಿನ್ನುತ್ತವೆ. ಕೆಲವು ಪಾಚಿಗಳು ವಿಷಕಾರಿ. ಆ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. 1793ರಲ್ಲಿ ಬ್ರಿಟಿಷ್ ಕಡಲಯಾನಿ ಜಾರ್ಜ್ ವ್ಯಾಂಕೂವರ್‌ನ ನಾವಿಕರು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ತಿಂಡಿಗೆ ನೀಲಿಕಲ್ಲು ಸುಟ್ಟು ತಿಂದರು. ಒಬ್ಬ ಅದೇ ದಿನ ತೀರಿಕೊಂಡ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ನೀಲಿಕಲ್ಲು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕೆಲವರು ಸತ್ತರು, ಕೆಲವರ ನೆನಪಿನ ಶಕ್ತಿಯೇ ಹೋಯಿತು. ಡೊಮೊಯಿಕ್ ಆಮ್ಲ ಎಂಬ ಪಾಚಿಯ ವಿಷವೇ ಅದಕ್ಕೆ ಕಾರಣ.

ಆ ನೀರನ್ನು ಪರೀಕ್ಷಿಸಿ, ಅಲ್ಲಿಂದ ಚಿಪ್ಪು ತೆಗೆಯಬಹುದು ಎಂದು ಸಂಬಂಧಪಟ್ಟವರು ಹೇಳಿದ್ದರೆ ಅಡ್ಡಿಯಿಲ್ಲ. ಇಲ್ಲವಾದರೆ ಯಜಮಾನರು ಬೇಸರಪಟ್ಟುಕೊಳ್ಳಲಿ, ನೀವು ಬೇಯಿಸಬೇಡಿ.

ಪ್ರಶ್ನೆ: ಒಂದು ಚಿಪ್ಪಿನಲ್ಲಿ ಕಿತ್ತಳೆ ಮಾಂಸ, ಇನ್ನೊಂದರಲ್ಲಿ ಬಿಳಿ, ಮತ್ತೊಂದರಲ್ಲಿ ಬಟಾಣಿಯಷ್ಟು ದೊಡ್ಡ ಏಡಿ! ತಿನ್ನಬಹುದೇ?

ಉತ್ತರ: ಕಿತ್ತಳೆ ಹೆಣ್ಣು, ಕೆನೆಬಿಳಿ ಗಂಡು. ಎರಡೂ ಕೆಟ್ಟದ್ದಲ್ಲ. ಆ ಏಡಿಗೆ ಬಟಾಣಿ ಏಡಿ ಎಂದೇ ಹೆಸರು, ಚಿಪ್ಪಿನೊಳಗೆ ಬಿಟ್ಟಿ ಊಟದ ಮೇಲೆ ಬದುಕುವ ಬಾಡಿಗೆ ಕೊಡದ ಬಿಡಾರದವನು. ಬೆಂದಿದ್ದರೆ ಅದರಿಂದ ತೊಂದರೆಯಿಲ್ಲ. ನಮ್ಮ ಮನೆಯಲ್ಲಿ ಅದು ಯಾರ ತಟ್ಟೆಗೆ ಬಂದರೆ ಅವರಿಗೆ ಅಂದು ಪಾತ್ರೆ ತೊಳೆಯುವುದರಿಂದ ರಜೆ. ಹೀಗಾಗಿ ಈಗೀಗ ಮಕ್ಕಳು ಬಡಿಸುವ ಮೊದಲೇ ಪಾತ್ರೆಯೊಳಗೆ ಹುಡುಕಲು ಶುರುಮಾಡಿದ್ದಾರೆ.