ಬೂದಿ ಒಳಗಿಟ್ಟು ಬಾಗಿಲು ಹಾಕಬೇಡಿ

ಕಬ್ಬು ನುರಿಸುವ ಹಂಗಾಮು ಮುಗಿಯುತ್ತಿದ್ದಂತೆ ಬಾಯ್ಲರ್ ಬಗ್ಗೆ ನನಗೆ ಬರುವ ಪ್ರಶ್ನೆಗಳು ವರ್ಷವೂ ಅವೇ. ಈ ಸಲ ಒಂದಕ್ಕೆ ವಿವರವಾಗಿ ಬರೆಯುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಬೇಕಿಲ್ಲ.

ಪ್ರಶ್ನೆ: ನಮ್ಮದು ಕಲ್ಲಿದ್ದಲು, ಕಬ್ಬಿನ ಸಿಪ್ಪೆ ಎರಡನ್ನೂ ಉರಿಸುವ ಬಾಯ್ಲರ್. ಮಾರ್ಚ್ ಕೊನೆಗೆ ನಿಂತರೆ ಮತ್ತೆ ಹಚ್ಚುವುದು ದೀಪಾವಳಿಯ ಹೊತ್ತಿಗೆ. ಒಳಗೆ ನೀರು ತುಂಬಿ ಇಡಬೇಕೋ, ಒಣಗಿಸಿ ಇಡಬೇಕೋ? ವರ್ಷವೂ ಟ್ಯೂಬ್ ಬದಲಿಸಿ ಸಾಕಾಗಿದೆ. – ಬೆಳಗಾವಿ ಜಿಲ್ಲೆಯ ಓದುಗರು

ಅಷ್ಟು ದಿನಕ್ಕಾದರೆ ಒಣಗಿಸಿಯೇ ಇಡಬೇಕು. ಆದರೆ ನಿಮ್ಮ ಪತ್ರದಲ್ಲಿ ಬೂದಿಯ ಮಾತೇ ಇಲ್ಲ. ಯಾರ ಪತ್ರದಲ್ಲೂ ಇರುವುದಿಲ್ಲ. ಎಲ್ಲರಿಗೂ ನೀರಿನದೇ ಚಿಂತೆ. ನಾನು ನೋಡಿದ ಟ್ಯೂಬುಗಳಲ್ಲಿ ಹೆಚ್ಚಿನವು ತೂತಾದದ್ದು ನೀರಿರುವ ಒಳಗಿನಿಂದಲ್ಲ, ಹೊರಗೆ ಬೆಂಕಿಯ ಕಡೆಯಿಂದ, ಅದೂ ಬೆಂಕಿ ಇಲ್ಲದ ತಿಂಗಳುಗಳಲ್ಲಿ.

ಕಲ್ಲಿದ್ದಲಿನ ಗಂಧಕದ ಒಂದು ಪಾಲು ಬೂದಿ, ಮಸಿಯಲ್ಲಿ ಉಳಿದಿರುತ್ತದೆ. ಬಾಯ್ಲರ್ ಬಿಸಿ ಇರುವವರೆಗೆ ಆ ಬೂದಿ ಒಣ ಹಿಟ್ಟು. ಮುಂಗಾರಿನ ತೇವದ ಗಾಳಿ ಚಿಮಣಿಯಿಂದ ಇಳಿದು ತಣ್ಣನೆಯ ಕಬ್ಬಿಣಕ್ಕೆ ತಾಗಿ ಬೆವರಿತೆಂದರೆ ಅದೇ ಹಿಟ್ಟು ಆಮ್ಲದ ಕೆಸರಾಗಿ ಲೋಹವನ್ನು ತಿನ್ನುತ್ತದೆ. ‘ನಮ್ಮ ದೇಶದ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಏನೂ ಆಗಲ್ಲ’ ಎನ್ನುವವರಿದ್ದಾರೆ. ಗಂಧಕ ಕಡಿಮೆ ನಿಜ, ಹೆಚ್ಚಿನ ಗಣಿಗಳದ್ದರಲ್ಲಿ ಶೇ 1ಕ್ಕಿಂತ ಕೆಳಗೆ. ಆದರೆ ಬೂದಿ ಎಷ್ಟು? ಶೇ 35–40 ಸಾಮಾನ್ಯ. ಅಷ್ಟು ಬೂದಿಯನ್ನು ಮೂಲೆಯಲ್ಲಿ ಒದ್ದೆಯಾಗಲು ಬಿಟ್ಟರೆ ಆ ಚೂರು ಗಂಧಕವೇ ಸಾಕು.

ಒಂದು ಕಾರ್ಖಾನೆಯಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಕೆಳಗಿನ ಡ್ರಮ್ಮಿನ (ಟ್ಯೂಬುಗಳು ಬಂದು ಸೇರುವ ದೊಡ್ಡ ನೀರಿನ ಪೀಪಾಯಿ) ಬಳಿಗೆ ತೆವಳಿಕೊಂಡು ಹೋಗಿದ್ದೆ. ಟ್ಯೂಬುಗಳು ಡ್ರಮ್ಮಿಗೆ ಸೇರುವ ಬುಡದಲ್ಲಿ ಗೇಣುದ್ದ ಬೂದಿ ಕೂತಿತ್ತು. ಮೇಲೆ ಬೂದುಬಣ್ಣ, ಕೈ ಹಾಕಿದರೆ ಒಳಗೆ ಒದ್ದೆ. ಕೆದಕಿದಾಗ ತುಕ್ಕು ಹಪ್ಪಳದಂತೆ ಪದರ ಪದರವಾಗಿ ಎದ್ದುಬಂತು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ, ತುದಿ ಟ್ಯೂಬಿನೊಳಗೇ ಹೋಯಿತು. ಅದೇ ಟ್ಯೂಬ್ ಒಂದು ಮಾರು ಮೇಲೆ ಹೊಸದರಂತಿತ್ತು. ನಿಮ್ಮ ಟ್ಯೂಬುಗಳು ಹೋಗುತ್ತಿರುವುದೂ ಬುಡದಲ್ಲೇ ಇರಬೇಕು, ನೋಡಿ.

ಆದ್ದರಿಂದ ನಿಲ್ಲಿಸಿದ ವಾರದೊಳಗೆ, ಏಪ್ರಿಲ್‌ನ ಅಡ್ಡಮಳೆಗೆ ಮುಂಚೆ, ಬೂದಿ ಹೊರಗೆ ಬರಬೇಕು. ಮೊದಲು ಒಣಗಿದ್ದಾಗಲೇ ಕೆರೆದು, ಬ್ರಷ್ ಹೊಡೆದು ತೆಗೆಯಿರಿ. ಟ್ಯೂಬಿನ ಬುಡ, ಒಳಬರುವ ನೀರು ಬಿಸಿ ಮಾಡುವ ಎಕಾನಮೈಸರ್, ಗಾಳಿ ಬಿಸಿ ಮಾಡುವ ಏರ್ ಹೀಟರ್‌ನ ತಣ್ಣನೆಯ ತುದಿ, ಇಟ್ಟಿಗೆ ಗೋಡೆಯ ಮೂಲೆ ಯಾವುದನ್ನೂ ಬಿಡಬೇಡಿ. ಅಂಟಿಕೊಂಡಿದ್ದನ್ನು ಬಟ್ಟೆ ಸೋಡಾ ಕಲಸಿದ ನೀರಿನಿಂದ ತೊಳೆಯಬಹುದು, ಮರುದಿನವೇ ಒಣಗಿಸುವುದಾದರೆ ಮಾತ್ರ. ತೊಳೆದು ಹಾಗೇ ಬಿಡುವುದಕ್ಕಿಂತ ತೊಳೆಯದಿರುವುದೇ ಮೇಲು.

ಒಣಗಿಸುವಾಗ ಕ್ರಮ ತಪ್ಪಬಾರದು. ಬಾಯ್ಲರಿನಲ್ಲಿ ನೀರು ಇರುವಾಗಲೇ ಸಣ್ಣಗೆ ಸೌದೆ ಉರಿ ಹಾಕಿ, ತೊಳೆದ ತೇವ ಆರಲಿ. ಉರಿ ತೆಗೆದು, ಒತ್ತಡ ಪೂರ್ತಿ ಇಳಿದು, ಮೇಲಿನ ಗಾಳಿ ವಾಲ್ವ್ ತೆರೆದ ಮೇಲೆ, ಡ್ರಮ್ ಇನ್ನೂ ಬೆಚ್ಚಗಿರುವಾಗ ನೀರು ಬಿಡಿ. ಆ ಕಾವೇ ಒಳಗಿನ ತೇವ ಆರಿಸುತ್ತದೆ. ನೀರು ಖಾಲಿಯಾದ ಬಾಯ್ಲರಿಗೆ ಬೆಂಕಿ ಹಾಕಿ ಒಣಗಿಸಲು ಹೋಗಬೇಡಿ, ಟ್ಯೂಬ್ ಸೊಟ್ಟಗಾಗುತ್ತದೆ. ಮಿಕ್ಕ ತೇವಕ್ಕೆ ಬಿಸಿಗಾಳಿ ಊದಿಸಿ. ಸೂಪರ್‌ಹೀಟರಿನ (ಹಬೆಯನ್ನು ಇನ್ನಷ್ಟು ಕಾಯಿಸುವ ಟ್ಯೂಬುಗಳು) ಜೋತುಬಿದ್ದ ಬಾಗುಗಳಲ್ಲಿ ನೀರು ತಾನಾಗಿ ಇಳಿಯುವುದಿಲ್ಲ, ಅಲ್ಲಿಗೂ ಗಾಳಿ ಹಾಯಬೇಕು.

ಆಮೇಲೆ ಡ್ರಮ್ಮಿನೊಳಗೆ ತಟ್ಟೆಗಳಲ್ಲಿ ಸುಡುಸುಣ್ಣದ ಗಟ್ಟಿ ಇಡಿ. ಅಂಗಡಿಯ ಪುಡಿ ಸುಣ್ಣ ಆಗಲೇ ಅರಳಿದ್ದು, ಉಪಯೋಗವಿಲ್ಲ. ಒಂದು ಕೆಜಿ ಸುಡುಸುಣ್ಣ ಹೆಚ್ಚೆಂದರೆ 320 ಗ್ರಾಂ ನೀರು ಹೀರುತ್ತದೆ. ಅರಳಿದಾಗ ಉಬ್ಬುವುದರಿಂದ ತಟ್ಟೆ ಅರ್ಧ ಮಾತ್ರ ತುಂಬಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಮ್ಯಾನ್‌ಹೋಲ್ ಮುಚ್ಚಿ, ಸ್ಟೀಮ್ ಮತ್ತು ನೀರಿನ ಲೈನುಗಳಿಗೆ ಬ್ಲೈಂಡ್ ಪ್ಲೇಟ್ (ದಾರಿ ಮುಚ್ಚುವ ತೂತಿಲ್ಲದ ತಗಡು) ಹಾಕಿ, ಹೊಗೆದಾರಿಯ ಡ್ಯಾಂಪರ್ (ತಡೆತಗಡು) ಮುಚ್ಚಿ, ಚಿಮಣಿಗೆ ಮುಚ್ಚಳ ಕಟ್ಟಿ. ತಿಂಗಳಿಗೊಮ್ಮೆ ತೆರೆದು ನೋಡಿ, ಗಟ್ಟಿ ಪುಡಿಯಾಗಿದ್ದರೆ ಬದಲಿಸಿ. ಒಳಗೆ ಎಷ್ಟು ತಟ್ಟೆ ಇವೆ, ಚಿಮಣಿ ಮುಚ್ಚಿದೆ ಎಂಬುದನ್ನು ಬೋರ್ಡಿನಲ್ಲಿ ಬರೆದು ಬೆಂಕಿ ಬಾಗಿಲಿಗೇ ತೂಗುಹಾಕಿ. ಅಕ್ಟೋಬರಿನಲ್ಲಿ ಬೆಂಕಿ ಹಚ್ಚುವವನು ಬೇರೆಯವನಾಗಿರಬಹುದು.

ಪ್ರಶ್ನೆ: ಹದಿನೈದು ದಿನ ಮಾತ್ರ ನಿಲ್ಲಿಸುವುದಾದರೆ?

ಆಗ ನೀರು ತುಂಬಿ ಇಡಬಹುದು, ಆದರೆ ಕಂಠಪೂರ್ತಿ. ಅರ್ಧ ತುಂಬಿದರೆ ನೀರು, ಗಾಳಿ ಕೂಡುವ ಗೆರೆಯಲ್ಲೇ ಗುಳಿ ಬೀಳುತ್ತದೆ. ನೀರನ್ನು ಕುದಿಸಿ ಆಮ್ಲಜನಕ ಓಡಿಸಿ, ಉಳಿದ ಆಮ್ಲಜನಕ ಹೀರಲು ಸೋಡಿಯಂ ಸಲ್ಫೈಟ್ ಹಾಕಿ, ಪಿಎಚ್ 10–11ರಲ್ಲಿರಲಿ. ಒಂದು ಪಾಲು ಆಮ್ಲಜನಕಕ್ಕೆ ಸುಮಾರು ಎಂಟು ಪಾಲು ಸಲ್ಫೈಟ್ ಬೇಕು, ಕೈ ಅಳತೆಯಲ್ಲಿ ಸುರಿಯಬೇಡಿ.

ಪ್ರಶ್ನೆ: ಡ್ರಮ್ಮಿನೊಳಗೆ ಹಳೇ ಎಂಜಿನ್ ಆಯಿಲ್ ಬಳಿದರೆ ತುಕ್ಕು ಬರಲ್ಲವಂತೆ, ಹೌದೇ?

ಬೇಡ. ಮತ್ತೆ ಬೆಂಕಿ ಹಾಕಿದಾಗ ಎಣ್ಣೆಯ ಪದರ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ, ಟ್ಯೂಬ್ ಕಾದು ಉಬ್ಬುತ್ತದೆ. ನೀರು ನೊರೆಯೇಳುತ್ತದೆ. ಈ ಸಲಹೆ ಕೊಟ್ಟವರನ್ನು ಬಾಯ್ಲರ್ ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ವಾರಕ್ಕೊಮ್ಮೆ ಸ್ವಲ್ಪ ಬೆಂಕಿ ಹಾಕಿದರೆ ಸಾಲದೇ?

ಸಾಲದು. ತಣ್ಣನೆಯ ಲೋಹದ ಮೇಲೆ ಹೊಗೆಯ ತೇವ ಕೂರುತ್ತದೆ, ಹೊಸ ಬೂದಿಯೂ ಸೇರುತ್ತದೆ.

ಪ್ರಶ್ನೆ: ಒಂದು ಡಬ್ಬಿ ಸುರಿದರೆ ಆರು ತಿಂಗಳು ತುಕ್ಕಿಲ್ಲ ಎಂದು ಪುಡಿ ಮಾರುವವರು ಬಂದಿದ್ದಾರೆ.

ಡಬ್ಬಿಯಲ್ಲಿ ಏನಿದೆ ಎಂದು ಬರೆದುಕೊಡಲು ಹೇಳಿ. ಕೊಡದಿದ್ದರೆ ಕೊಳ್ಳಬೇಡಿ.

ಪ್ರಶ್ನೆ: ಬಂಕರಿನಲ್ಲಿ (ಕಲ್ಲಿದ್ದಲು ತುಂಬಿಡುವ ತಗಡಿನ ತೊಟ್ಟಿ) ಉಳಿದ ಕಲ್ಲಿದ್ದಲು ಹಾಗೇ ಇರಲೇ?

ಖಾಲಿ ಮಾಡಿ. ಒದ್ದೆಯಾದರೆ ತಗಡು ತಿನ್ನುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಒಳಗೊಳಗೇ ಕಾದು ಹೊತ್ತಿಕೊಳ್ಳಲೂಬಹುದು.

ಪ್ರಶ್ನೆ: ಸುಣ್ಣದ ತಟ್ಟೆ ಬದಲಿಸಲು ಹೆಲ್ಪರ್‌ನನ್ನು ಡ್ರಮ್ಮಿಗೆ ಇಳಿಸಬಹುದೇ?

ಮ್ಯಾನ್‌ಹೋಲ್ ತೆರೆದ ತಕ್ಷಣ ಯಾರನ್ನೂ ಇಳಿಸಬೇಡಿ. ಮುಚ್ಚಿಟ್ಟ ಡ್ರಮ್ಮಿನಲ್ಲಿ ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವೇ ಖರ್ಚಾಗಿರುತ್ತದೆ. ವಾಸನೆಯಿಲ್ಲ, ಉಸಿರುಗಟ್ಟಿದ್ದೂ ಗೊತ್ತಾಗುವುದಿಲ್ಲ, ಇಳಿದವನು ಅಲ್ಲೇ ಕುಸಿಯುತ್ತಾನೆ. ಎರಡೂ ಮ್ಯಾನ್‌ಹೋಲ್ ತೆರೆದು ಗಾಳಿ ಊದಿಸಿ, ಮೀಟರಿನಲ್ಲಿ ಆಮ್ಲಜನಕ ಅಳೆದು, ಹೊರಗೆ ಒಬ್ಬನನ್ನು ನಿಲ್ಲಿಸಿಯೇ ಇಳಿಸಿ. ಮೀಟರ್ ಇಲ್ಲದಿದ್ದರೆ ಆ ದಿನ ಆ ಕೆಲಸ ಬೇಡ.