ಈಜು ಪ್ರಶ್ನೋತ್ತರ: ಅಂಗಾತ ಮಲಗಿದರೆ ಸೊಂಟ ಯಾಕೆ ಮುಳುಗುತ್ತದೆ?

ಪ್ರಶ್ನೆ: ನನಗೆ 42 ವರ್ಷ. ಅಜ್ಜರಕಾಡಿನ ಈಜುಕೊಳಕ್ಕೆ ಬೆಳಿಗ್ಗೆ ಹೋಗುತ್ತೇನೆ. ಫ್ರೀಸ್ಟೈಲ್ ಒಂದು ಮಟ್ಟಿಗೆ ಬರುತ್ತದೆ. ಬ್ಯಾಕ್‌ಸ್ಟ್ರೋಕ್‌ಗೆ ಮಲಗಿದರೆ ಸಾಕು, ಸೊಂಟ ಕೆಳಗೆ ಹೋಗುತ್ತದೆ, ಮೂಗಿಗೆ ನೀರು ನುಗ್ಗುತ್ತದೆ. ಮೈ ತೂಕವೇ ಕಾರಣ ಎಂದು ಜೊತೆಯವರು ಹೇಳುತ್ತಾರೆ. ಹೌದಾ?
– ಓದುಗರು, ಉಡುಪಿ

ಉತ್ತರ: ಅಲ್ಲ. ಕೊಬ್ಬು ನೀರಿನಲ್ಲಿ ತೇಲುತ್ತದೆ. ತೆಳ್ಳಗಿರುವ, ಗಟ್ಟಿ ಮೈಯ ಹುಡುಗರೇ ಜಾಸ್ತಿ ಒದ್ದಾಡುವುದು. ಆ ಮಾತನ್ನು ಇವತ್ತೇ ತಲೆಯಿಂದ ತೆಗೆದುಹಾಕಿ. ನನಗೆ ಅನುಮಾನ ಇರುವುದು ನಿಮ್ಮ ಗದ್ದದ ಮೇಲೆ.

ಎದೆಯೊಳಗೆ ಗಾಳಿ ಇರುವುದರಿಂದ ಅದು ತಾನಾಗಿಯೇ ತೇಲುತ್ತದೆ, ಕಾಲು ಭಾರ. ತಲೆಯನ್ನು ನೀರಿನಿಂದ ಮೇಲೆತ್ತಿದರೆ ಅದರ ಭಾರವೂ ಮೈಮೇಲೆ ಬೀಳುತ್ತದೆ, ಮೈ ಮಡಚಿಕೊಳ್ಳುತ್ತದೆ, ಸೊಂಟ ಇಳಿಯುತ್ತದೆ. ಕೆರೆಯಲ್ಲೋ ಬಾವಿಯಲ್ಲೋ ಈಜು ಕಲಿತ ನಮ್ಮ ಕಡೆಯವರಿಗೆ ತಲೆ ಹೊರಗಿಟ್ಟೇ ಅಭ್ಯಾಸ. ಅಂಗಾತ ಮಲಗಿದಾಗಲೂ ಅದೇ ಅಭ್ಯಾಸ ಬರುತ್ತದೆ: ಗದ್ದವನ್ನು ಎದೆಗೆ ಒತ್ತಿಕೊಂಡು ಕಾಲು ಎಲ್ಲಿದೆ ಎಂದು ನೋಡುತ್ತಾರೆ. ನೋಡಿದ್ದೇ ತಡ, ನೀರಿನೊಳಗೆ ಕುರ್ಚಿ ಹಾಕಿ ಕೂತ ಹಾಗೆ ಆಗಿಬಿಡುತ್ತದೆ.

ಸ್ವಲ್ಪ ದಿನ ಕೈ ಬೀಸುವುದನ್ನೇ ಬಿಡಿ. ಕೈ ಎರಡೂ ತೊಡೆಯ ಪಕ್ಕ ಇರಲಿ. ಎರಡೂ ಕಿವಿ ಪೂರ್ತಿ ನೀರಿನೊಳಗೆ ಹೋಗಬೇಕು, ಸುತ್ತಲಿನ ಗಲಾಟೆ ಮಂದವಾಗಿ ಕೇಳಬೇಕು. ಕಣ್ಣು ನೇರ ಆಕಾಶಕ್ಕೆ. ಹೊಟ್ಟೆಯನ್ನು ಮೇಲಕ್ಕೆ ಕೊಡಿ, ಹೊಕ್ಕುಳಿಗೆ ಗಾಳಿ ತಾಗಬೇಕು. ಕಾಲು ಬಡಿಯುವುದು ಸೊಂಟದಿಂದ, ಮಂಡಿಯಿಂದ ಅಲ್ಲ. ಮಂಡಿ ನೀರಿನ ಮೇಲೆ ಕಂಡರೆ ತಪ್ಪು. ಪಾದ ಸಡಿಲ ಬಿಟ್ಟು ಬೆರಳ ತುದಿಯಿಂದ ನೀರನ್ನು ಕದಡಿದರೆ ಸಾಕು, ಜೋರಾಗಿ ನೀರು ಹಾರಿಸಬೇಕಾಗಿಲ್ಲ. ಇದು ಕೂತ ಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರು ತುಂಬಿ ಹಣೆಯ ಮೇಲೆ ಇಟ್ಟುಕೊಂಡು ಕಾಲು ಬಡಿಯಿರಿ. ದೊಡ್ಡ ಈಜುಗಾರರೂ ಮಾಡುವ ಅಭ್ಯಾಸ ಇದು. ಲೋಟ ಬಿತ್ತು ಅಂದ್ರೆ ತಲೆ ಅಲ್ಲಾಡಿತು, ಬೇರೆ ಯಾರೂ ಹೇಳಬೇಕಾಗಿಲ್ಲ.

ಕೈ ಆಮೇಲೆ. ನೀರಿನಿಂದ ಹೊರಬರುವಾಗ ಹೆಬ್ಬೆರಳು ಮೊದಲು, ಒಳಗೆ ಹೋಗುವಾಗ ಕಿರುಬೆರಳು ಮೊದಲು, ಅದೂ ಭುಜದ ನೇರಕ್ಕೆ. ಒಳಗೆ ಹೋದ ಮೇಲೆ ಮೊಣಕೈ ಸ್ವಲ್ಪ ಬಗ್ಗಿಸಿ ನೀರನ್ನು ಕಾಲಿನ ಕಡೆಗೆ ತಳ್ಳಿ. ಭುಜ ಎರಡೂ ಕಡೆ ವಾಲಲಿ, ತಲೆ ಮಾತ್ರ ಕದಲಬಾರದು.

ಮೂಗಿನ ವಿಷಯ. ಮುಖ ಹೊರಗಿದೆ, ಹೇಗೆ ಬೇಕಾದರೂ ಉಸಿರಾಡಬಹುದು ಎಂದು ಅನೇಕರು ಉಸಿರು ಕಟ್ಟಿಕೊಂಡೇ ಈಜುತ್ತಾರೆ. ಒಂದು ಕೈ ಮೇಲೆ ಬರುವಾಗ ಬಾಯಿಂದ ಎಳೆದುಕೊಳ್ಳಿ, ಇನ್ನೊಂದು ಬರುವಾಗ ಮೂಗಿನಿಂದ ಬಿಡಿ. ಮೂಗಿನಲ್ಲೇ ‘ಹ್ಞೂಂ’ ಅನ್ನುತ್ತಾ ಬಿಟ್ಟರೆ ನೀರು ಒಳಗೆ ಬರುವುದಿಲ್ಲ.

ಪ್ರಶ್ನೆ: ಮಗಳಿಗೆ 12 ವರ್ಷ, ಶಾಲಾ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಬ್ಯಾಕ್‌ಸ್ಟ್ರೋಕ್‌ನಲ್ಲಿ ವೇಗ ಇದೆ, ಆದರೆ ಗೋಡೆಗೆ ತಲೆ ಬಡಿಯುತ್ತದೆಂಬ ಭಯಕ್ಕೆ ಕೊನೆಯಲ್ಲಿ ತಿರುಗಿ ನೋಡುತ್ತಾಳೆ. ಲೇನ್‌ನಲ್ಲಿ ನೇರ ಹೋಗುವುದೂ ಇಲ್ಲ.
– ಓದುಗರು, ಮಂಗಳೂರು

ಉತ್ತರ: ಗೋಡೆಯಿಂದ 5 ಮೀಟರ್ ಈಚೆಗೆ ಕೊಳದ ಅಡ್ಡಕ್ಕೆ ಸಣ್ಣ ಬಾವುಟಗಳ ಹಗ್ಗ ಕಟ್ಟಿರುತ್ತಾರೆ, ನೋಡಿದ್ದೀರಲ್ವಾ? ಅದು ಅಲಂಕಾರಕ್ಕಲ್ಲ, ಬ್ಯಾಕ್‌ಸ್ಟ್ರೋಕ್‌ನವರಿಗೆಂದೇ ಕಟ್ಟುವುದು. ಬಾವುಟ ಕಂಡಲ್ಲಿಂದ ಗೋಡೆ ಮುಟ್ಟಲು ತನಗೆ ಎಷ್ಟು ಕೈ ಬೇಕು ಎಂದು ಮಗಳು ಎಣಿಸಲಿ. ಮೊದಲು ನಿಧಾನವಾಗಿ, ಗೋಡೆಯ ಹತ್ತಿರ ಯಾರಾದರೂ ಕೈ ಅಡ್ಡ ಹಿಡಿದು ನಿಂತಿರುವಾಗ. ಆಮೇಲೆ ಸ್ಪರ್ಧೆಯ ವೇಗದಲ್ಲಿ, ಯಾಕಂದ್ರೆ ವೇಗ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಈ ವಯಸ್ಸಿನಲ್ಲಿ ಮಕ್ಕಳು ಎತ್ತರ ಬೆಳೆಯುತ್ತಾರೆ, ಕೈ ಉದ್ದ ಆಗುತ್ತದೆ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ಮತ್ತೆ ಎಣಿಸಬೇಕು. ಅಭ್ಯಾಸ ಮಾಡುವ ಕೊಳದಲ್ಲಿ ಬಾವುಟ ಇಲ್ಲದಿದ್ದರೆ ಕಟ್ಟಿಸಲು ಕೋಚ್‌ಗೆ ಹೇಳಿ, ದಯವಿಟ್ಟು ಸುಮ್ನೆ ಇರಬೇಡಿ. ಇದು ಮಕ್ಕಳ ತಲೆಯ ಪ್ರಶ್ನೆ.

ತಿರುಗಿ ನೋಡುವ ಚಾಳಿ ಸ್ಪರ್ಧೆಯಲ್ಲಿ ದುಬಾರಿ. ಮಧ್ಯದ ಟರ್ನ್‌ನಲ್ಲಿ ಬೋರಲಾಗಿ ಉರುಳಿ ಪಲ್ಟಿ ಹೊಡೆಯಬಹುದು, 1991ರಿಂದ ಆ ನಿಯಮ ಇದೆ. ಆದರೆ ಕೊನೆಯಲ್ಲಿ ಗೋಡೆ ಮುಟ್ಟುವಾಗ ಬೆನ್ನ ಮೇಲೆಯೇ ಇರಬೇಕು. ಪೂರ್ತಿ ಮಗುಚಿ ನೋಡಿದರೆ ಅನರ್ಹ.

ಅಡ್ಡಾದಿಡ್ಡಿ ಹೋಗುವುದಕ್ಕೆ ಕಾರಣ ಸಾಮಾನ್ಯವಾಗಿ ಒಂದು ಕೈ ತಲೆಯ ಹಿಂದೆ ದಾಟಿ ಬೀಳುವುದು. ಸ್ವಲ್ಪ ಅಗಲಕ್ಕೆ ಹಾಕಲು ಹೇಳಿ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರನ್ನು 53.77 ಸೆಕೆಂಡಿನಲ್ಲಿ ಈಜಿ, ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದವರು. ಅವರ ವಿಡಿಯೊ ಹಾಕಿ ತೋರಿಸಿ, ಕೈ ನೋಡುವುದು ಬೇಡ, ತಲೆಯನ್ನು ಮಾತ್ರ ನೋಡಲಿ.

ಪ್ರಶ್ನೆ: ಬೆನ್ನು ನೋವಿಗೆ ಬ್ಯಾಕ್‌ಸ್ಟ್ರೋಕ್ ಒಳ್ಳೆಯದಾ?
– ಓದುಗರು, ಮಣಿಪಾಲ

ಉತ್ತರ: ಅನೇಕರಿಗೆ ಹಿತ ಅನಿಸುತ್ತದೆ, ಉಸಿರಿಗಾಗಿ ಕುತ್ತಿಗೆ ತಿರುಗಿಸಬೇಕಾಗಿಲ್ಲ. ಆದರೆ ನೋವು ಯಾಕೆ ಬಂದಿದೆ ಎಂದು ವೈದ್ಯರಿಗೆ ತೋರಿಸದೆ ಶುರು ಮಾಡಬೇಡಿ. ಭುಜ ನೋವು ಇದ್ದರಂತೂ ಕೈ ಬೀಸಲೇಬೇಡಿ.

ಪ್ರಶ್ನೆ: ಸಮುದ್ರದಲ್ಲಿ ಅಂಗಾತ ಈಜುವುದು ಸುಲಭ ಅಂತಾರೆ. ಮಗನಿಗೆ ಮಲ್ಪೆಯಲ್ಲೇ ಕಲಿಸಲಾ?
– ಓದುಗರು, ಕಲ್ಯಾಣಪುರ

ಉತ್ತರ: ತೇಲುವುದು ಸುಲಭ, ಅದು ನಿಜ. ಉಪ್ಪಿನಿಂದಾಗಿ ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 2.5 ಶೇಕಡಾ ಭಾರ, ಮೈಯನ್ನು ಅಷ್ಟು ಜಾಸ್ತಿ ಎತ್ತಿ ಹಿಡಿಯುತ್ತದೆ. ಆದರೆ ಕಲಿಯುವ ಜಾಗ ಅದಲ್ಲ. ಅಂಗಾತ ಈಜುವವನಿಗೆ ಎದುರು ಬರುವ ತೆರೆ ಕಾಣುವುದಿಲ್ಲ, ದಡ ಎಷ್ಟು ದೂರ ಹೋಯಿತು ಎಂದೂ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಂತೂ ಮಲ್ಪೆ, ಪಣಂಬೂರು ಎರಡೂ ಕಡೆ ನೀರಿನ ಹತ್ತಿರ ಹೋಗುವುದೇ ಬೇಡ.

ಆದರೂ ಸಮುದ್ರದ ಪಕ್ಕ ಬೆಳೆಯುವ ಪ್ರತಿ ಮಗುವಿಗೂ ಅಂಗಾತ ತೇಲುವುದು ಬರಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ಎದುರು ಈಜಿ ಸುಸ್ತಾಗಿ ಮುಳುಗುತ್ತಾರೆ. ಹಾಗೆ ಮಾಡದೆ ಬೆನ್ನ ಮೇಲೆ ಮಲಗಿ, ಉಸಿರು ಹಿಡಿತಕ್ಕೆ ತಂದುಕೊಂಡು, ಒಂದು ಕೈ ಎತ್ತಿ ಕರೆಯಬೇಕು. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಇದನ್ನು ಮಗ ಮೊದಲು ಈಜುಕೊಳದಲ್ಲಿ ಕಲಿಯಲಿ. ಆಮೇಲೆ ಮಳೆಗಾಲ ಮುಗಿದು ಸಮುದ್ರ ಶಾಂತವಾದ ಮೇಲೆ, ಜೀವರಕ್ಷಕರು ಇರುವ ಕಡೆ, ಸೊಂಟದಷ್ಟು ನೀರಿನಲ್ಲಿ, ನೀವು ಪಕ್ಕದಲ್ಲೇ ನಿಂತು ಒಮ್ಮೆ ತೇಲಿಸಿ ನೋಡಿ.