ಸ್ಕಾಟ್ಲೆಂಡಿನ ವೆಸ್ಟ್ರೇ ದ್ವೀಪದಿಂದ ಪಕ್ಕದ ಪಾಪಾ ವೆಸ್ಟ್ರೇ ದ್ವೀಪಕ್ಕೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?
ದೂರ ಸುಮಾರು 2.7 ಕಿ.ಮೀ. ಅಷ್ಟೇ! ವೇಳಾಪಟ್ಟಿಯಲ್ಲಿ 2 ನಿಮಿಷ ಅಂತ ಇರುತ್ತದೆ, ಆದರೆ ಗಾಳಿ ಚೆನ್ನಾಗಿದ್ದರೆ ಒಂದೂವರೆ ನಿಮಿಷ ಕೂಡ ಬೇಕಾಗುವುದಿಲ್ಲ, ಒಮ್ಮೆಯಂತೂ 53 ಸೆಕೆಂಡಿನಲ್ಲೇ ಮುಗಿದಿದೆ. ನಮ್ಮ ಬೆಂಗಳೂರು ಏರ್‌ಪೋರ್ಟಿನ ರನ್‌ವೇನೇ 4 ಕಿ.ಮೀ. ಉದ್ದ ಇದೆ, ಅಂದರೆ ಇಲ್ಲಿನ ರನ್‌ವೇಗಿಂತ ಅಲ್ಲಿನ ಇಡೀ ಪ್ರಯಾಣ ಚಿಕ್ಕದು, ತಮಾಷೆ ಅಲ್ವಾ?

ವೆಸ್ಟ್ರೇ, ಪಾಪಾ ವೆಸ್ಟ್ರೇ ಎರಡೂ ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹಕ್ಕೆ ಸೇರಿದವು. 1967ರಿಂದ ವಿಮಾನ ಸಂಸ್ಥೆಯಾದ ಲೋಗನ್‌ಏರ್ ಇಲ್ಲಿ ಹಾರಾಟ ನಡೆಸುತ್ತಿದೆ. ಜಗತ್ತಿನಲ್ಲೇ ಅತಿ ಚಿಕ್ಕ ನಿಯಮಿತ ವಿಮಾನ ಹಾರಾಟ ಇದೇ. ವಿಮಾನ ಬ್ರಿಟನ್-ನಾರ್ಮನ್ ಐಲ್ಯಾಂಡರ್, ಎರಡು ಎಂಜಿನ್ನಿನ ಪುಟ್ಟದು, ಪ್ರಯಾಣಿಕರು ಎಂಟೇ ಜನ, ಜಾಗ ಇಲ್ಲದಿದ್ದರೆ ಪೈಲಟ್ ಪಕ್ಕದಲ್ಲೇ ಕೂರಿಸುತ್ತಾರೆ.

ಸುಮ್ನೆ ಮೋಜಿಗೆ ಇಟ್ಟಿದ್ದಲ್ಲ ಇದು. ಪಾಪಾ ವೆಸ್ಟ್ರೇಯಲ್ಲಿ ಇರೋದೇ ನೂರರ ಆಸುಪಾಸು ಜನ, ಹಾಗಾಗಿ ಟೀಚರ್, ಡಾಕ್ಟರ್ ಎಲ್ಲ ಇದರಲ್ಲೇ ಬಂದುಹೋಗುತ್ತಾರೆ. ಆದರೆ ನೀವು ಹೋಗುವುದಾದರೆ ಮೊದಲು ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್ ತಲುಪಬೇಕು, ಅಲ್ಲಿಂದಲೇ ಈ ವಿಮಾನಗಳು ಹೊರಡುವುದು. ಎರಡು ನಿಮಿಷದ ಹಾರಾಟಕ್ಕೆ ಬೆಂಗಳೂರಿನಿಂದ ಒಂದು ದಿನಕ್ಕಿಂತ ಜಾಸ್ತಿನೇ ಹಿಡಿಯಬಹುದು.